ತಿಂದ ಹುಲಿ ಮಲಗಬೇಕು

ಆ ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರಾಗಿ ಹೋದಾಗ ನನಗೆ ಇಪ್ಪತ್ತಾರು ವರ್ಷ. ಕೆಲಸಕ್ಕೆ ಹಾಜರಾದ ದಿನ ಅಲ್ಲಿನ ಮೇಲಧಿಕಾರಿಗಳು ನನಗೆ ಹೇಳಿದ್ದು ಮುಖ್ಯವಾಗಿ ಒಂದೇ ಸಂಗತಿ: ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಎಲ್ಲ ಲೈನುಗಳನ್ನೂ ಬಿಡಿಸಿಬಿಡಬೇಕು, ಪರವೂರಿನವರಿಗೆ ಮೂರರ ಮೇಲೆ ಮಾಡಿ ಎನ್ನಬೇಕು. ಯಾಕೆಂದು ಕೇಳುವಷ್ಟರಲ್ಲಿ ಹನ್ನೆರಡಾಯಿತು. ಅವರ ತುಟಿ ಅಲ್ಲಾಡುತ್ತಲೇ ಇತ್ತು, ದನಿ ಮಾತ್ರ ಬರಲಿಲ್ಲ. ನನ್ನ ಬಾಯಿಂದಲೂ ಬರಿಯ ಗಾಳಿ ಹೊರಟಿತು. ಅವರು ನನ್ನ ಮುಖ ನೋಡಿ ನಕ್ಕು ಊಟದ ಡಬ್ಬಿ ಬಿಚ್ಚಿದರು.

ಊರಿನವರು ಅದನ್ನು ಕಟ್ಟುಹೊತ್ತು ಎನ್ನುತ್ತಿದ್ದರು. ದಿನಾ ಹನ್ನೆರಡರಿಂದ ಮೂರರ ತನಕ ಮನುಷ್ಯರ ದನಿ ಇರುತ್ತಿರಲಿಲ್ಲ. ಕಾಗೆ ಕೂಗುತ್ತಿತ್ತು, ಕೊಡ ಬಿದ್ದರೆ ಸದ್ದಾಗುತ್ತಿತ್ತು, ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಎಳೆಗೂಸಿನ ತಾಯಂದಿರು ಕೂಸಿನ ಕಾಲಿಗೆ ದಾರ ಕಟ್ಟಿ ಇನ್ನೊಂದು ತುದಿಯನ್ನು ತಮ್ಮ ಮುಂಗೈಗೆ ಸುತ್ತಿಕೊಂಡು ಕೆಲಸ ಮಾಡುತ್ತಿದ್ದರು. ಕೂಸು ಅತ್ತರೆ ದಾರ ಜಗ್ಗುತ್ತಿತ್ತು. ಶಾಲೆಯಲ್ಲಿ ಆ ಹೊತ್ತಿಗೆ ಲೆಕ್ಕ ಮತ್ತು ಚಿತ್ರಕಲೆ. ಗಂಡ ಹೆಂಡಿರ ಜಗಳ ನಡೆದಿದ್ದರೆ ನಿಂತಲ್ಲೇ ನಿಲ್ಲುತ್ತಿತ್ತು. ಮೂರರ ಹೊತ್ತಿಗೆ ಅರ್ಧ ಜಗಳಗಳು ಮರೆತೇ ಹೋಗಿರುತ್ತವೆ ಎಂದು ಒಬ್ಬರು ನನಗೆ ಹೇಳಿದ್ದರು. ಉಳಿದರ್ಧದ ಬಗ್ಗೆ ಅವರೇನೂ ಹೇಳಲಿಲ್ಲ.

ನಾನು ಬಾಡಿಗೆಗಿದ್ದದ್ದು ವಿಠೋಬಣ್ಣ ಎಂಬ ದರ್ಜಿಯ ಮನೆಯ ಮೇಲಿನ ಕೋಣೆಯಲ್ಲಿ. ಅವರಿಗೆ ಅರವತ್ತು ದಾಟಿತ್ತು. ಮುಂದಿನ ಪಡಸಾಲೆಯಲ್ಲೇ ಹೊಲಿಗೆ ಯಂತ್ರ, ಕತ್ತರಿ ಹಾಕುವ ಮೇಜು. ಅಂಥ ಮಾತುಗಾರರನ್ನು ನಾನು ಕಂಡಿಲ್ಲ. ಅಳತೆ ಕೊಡಲು ಬಂದವರ ಎದೆಯ ಸುತ್ತ ಟೇಪು ಹಿಡಿದುಕೊಂಡೇ ಮೂರು ತಲೆಮಾರಿನ ಕಥೆ ಹೇಳುತ್ತಿದ್ದರು. ಕಟ್ಟುಹೊತ್ತು ಬಂದಾಗ ಅವರ ಮಾತು ಎಲ್ಲಿ ಕತ್ತರಿಸಿತ್ತೋ, ಮೂರು ಗಂಟೆಗೆ ಸರಿಯಾಗಿ ಅಲ್ಲಿಂದಲೇ ಮುಂದುವರಿಯುತ್ತಿತ್ತು, ಕೇಳುವವರು ಅಷ್ಟರಲ್ಲಿ ಬೇರೆ ಯಾರಾದರೂ ಆಗಿದ್ದರೂ.

ಅವರ ಹೆಂಡತಿ ಅಂಬೂಬಾಯಿಯನ್ನು ಎಲ್ಲರೂ ಅಂಬಕ್ಕ ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಮತ್ತು ಮಾತು ಹೋಗಿದ್ದವು. ಕಟ್ಟುಹೊತ್ತು ಇರಲಿ ಬಿಡಲಿ, ಆಕೆಗೆ ದನಿ ಇರಲಿಲ್ಲ. ಹಿತ್ತಿಲ ಬಾಗಿಲಲ್ಲಿ ಬೆತ್ತದ ಕುರ್ಚಿಯ ಮೇಲೆ ದಿನವಿಡೀ ಕೂತಿರುತ್ತಿದ್ದರು. ವಿಠೋಬಣ್ಣ ಹೊತ್ತಿಗೆ ಸರಿಯಾಗಿ ಉಣ್ಣಿಸುತ್ತಿದ್ದರು, ತಲೆ ಬಾಚುತ್ತಿದ್ದರು, ಯಾವುದರಲ್ಲೂ ಕೊರತೆ ಮಾಡುತ್ತಿರಲಿಲ್ಲ. ಆದರೆ ಆಕೆಯ ಜೊತೆ ಮಾತಾಡುವಾಗ ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುತ್ತಿದ್ದರು. ಚಹಾ ಬೇಕೇನು, ಬೇಕು. ಒಳಗ ಹೋಗೋಣೇನು, ಹೋಗೋಣ. ಮೊದಲ ದಿನ ನನ್ನನ್ನು ಪರಿಚಯ ಮಾಡಿಸಿದಾಗಲೇ, ಆಕೆಯ ಎದುರಿಗೇ, ಸಹಜವಾಗಿ ಹೇಳಿದ್ದರು: “ಆಕಿಗೆ ಏನೂ ತಿಳಿಯಂಗಿಲ್ರೀ. ಡಾಕ್ಟರೂ ಹಂಗ ಅಂದಾರ.” ಗಿರಾಕಿಗಳು ಯೋಗಕ್ಷೇಮ ಕೇಳಿದರೆ ಇನ್ನೂ ಮುಂದೆ ಹೋಗುತ್ತಿದ್ದರು. ಆ ದಿನವೇ ಹೋಗಿದ್ದರೆ ಆಕೆಗೂ ಚೊಲೊ ಇತ್ತು, ನನಗೂ ಚೊಲೊ ಇತ್ತು ಎಂದು ಅವರು ಹೇಳಿದ್ದನ್ನು ನಾನೇ ಎರಡು ಸಲ ಕೇಳಿದ್ದೇನೆ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಗೋಡೆಯ ಮುಂದೆ ಮನುಷ್ಯ ಏನೆಲ್ಲ ಆಡಿಕೊಳ್ಳುತ್ತಾನೋ ಹಾಗೆ ಅವರು ಆಡಿಕೊಳ್ಳುತ್ತಿದ್ದರು.

ಮಧ್ಯಾಹ್ನ ಮೂರು ತಾಸು ನನಗೆ ಕೆಲಸವಿರಲಿಲ್ಲ. ಮನೆಗೆ ಬಂದು ಉಂಡು, ಬೇಸರ ಕಳೆಯಲು ಒಂದು ದಿನ ನನ್ನ ಪೆಟ್ಟಿಗೆಯಲ್ಲಿದ್ದ ಲೂಡೋ ಹಲಗೆಯನ್ನು ಅಂಬಕ್ಕನ ಮುಂದೆ ಹಿಡಿದೆ. ಪಾಪ, ಬಣ್ಣವಾದರೂ ನೋಡಲಿ ಎಂಬುದಷ್ಟೇ ನನ್ನ ಎಣಿಕೆ. ಆಕೆ ಎಡಗೈಯಲ್ಲಿ ದಾಳವನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಹಿತ್ತಿಲಿಗೆ ಎಸೆದರು. ಅದನ್ನು ಹುಡುಕಲು ನಾನು ಬಗ್ಗಿದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ತಲೆ ಎತ್ತಿದರೆ ಆಕೆ ಅದೇ ಎಡಗೈಯಿಂದ ಕಲ್ಲಿನ ಕಡೆ ತೋರಿಸುತ್ತಿದ್ದರು. ಕಲ್ಲಿನ ಮೇಲೆ ಸಾಬೂನು ಗಟ್ಟಿಕಟ್ಟಿತ್ತು. ನೀರು ಹಾಕಿ ತಿಕ್ಕಿದೆ. ಒಂದು ತ್ರಿಕೋನ, ಅದರ ನೆತ್ತಿಯಿಂದ ಇಳಿದ ಗೆರೆಗಳು, ಅಡ್ಡ ಗೆರೆಗಳು ಕಾಣಿಸಿಕೊಂಡವು. ಹುಲಿ ಕುರಿ ಆಟದ ಮನೆ. ಚಿಕ್ಕವಳಿದ್ದಾಗ ಸೋದರತ್ತೆಯ ಮನೆಯಲ್ಲಿ ನಾನೂ ಆಡಿದ್ದೆ. ಮೂರು ಹುಲಿ, ಸರದಿಗೊಂದರಂತೆ ಇಡುವ ಹದಿನೈದು ಕುರಿ; ಹುಲಿ ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಜಾಗದಲ್ಲಿ ಕೂತರೆ ಆ ಕುರಿಯನ್ನು ತಿಂದಂತೆ; ಹುಲಿಗಳು ಅಲ್ಲಾಡದಂತೆ ಕುರಿಗಳು ಸುತ್ತುಗಟ್ಟಿದರೆ ಕುರಿಗಳಿಗೆ ಗೆಲುವು.

ವಿಠೋಬಣ್ಣನ ಗುಂಡಿ ಡಬ್ಬಿಯಿಂದ ಕೋಟಿನ ಮೂರು ಕರಿ ಗುಂಡಿ, ಅಂಗಿಯ ಹದಿನೈದು ಬಿಳಿ ಗುಂಡಿ ತಂದೆ. ಕುರ್ಚಿಯನ್ನು ಕಲ್ಲಿನ ಪಕ್ಕಕ್ಕೆ ಎಳೆದೆ. ಅಂಬಕ್ಕ ಹುಲಿಗಳನ್ನು ನನ್ನ ಕಡೆ ತಳ್ಳಿದರು. ನಾನು ಮೂರನೇ ಸರದಿಗೇ ಒಂದು ಕುರಿ ತಿಂದೆ. ಮುಂದಿನ ಸರದಿಗೆ ಅದೇ ಹುಲಿಯನ್ನು ನಡೆಸಹೋದಾಗ ಆಕೆ ನನ್ನ ಬೆರಳನ್ನು ಸರಿಸಿ ಆ ಗುಂಡಿಯ ಮೇಲೆ ಅಂಗೈ ಇಟ್ಟರು. ಆಕೆಗೆ ಆಟ ಮರೆತಿದೆ ಎಂದುಕೊಂಡು ಬೇರೆ ಹುಲಿ ನಡೆಸಿದೆ. ಅದಕ್ಕೆ ಸುಮ್ಮನಿದ್ದರು. ಮರುಸರದಿಗೆ ಮೊದಲ ಹುಲಿಯನ್ನು ಮುಟ್ಟಿದರೆ ಆಗಲೂ ಸುಮ್ಮನಿದ್ದರು. ಇದು ಏನೆಂದು ತಿಳಿಯಲು ನನಗೆ ನಾಲ್ಕು ಮಧ್ಯಾಹ್ನ ಬೇಕಾದವು. ಕುರಿ ತಿಂದ ಹುಲಿ ಒಂದು ಸರದಿ ಮಲಗಬೇಕು. ಹೊಟ್ಟೆ ತುಂಬಿದೆಯಲ್ಲ, ಅದಕ್ಕೆ. ಇಂಥ ನಿಯಮ ನಾನು ಎಲ್ಲೂ ಕೇಳಿರಲಿಲ್ಲ.

ಕೇಳಲು ಸಣ್ಣದು, ಆದರೆ ಆಟವನ್ನೇ ಬೇರೆ ಮಾಡುತ್ತದೆ. ನನಗೆ ಗೊತ್ತಿದ್ದ ಆಟದಲ್ಲಿ ಕುರಿ ಕಳೆದುಕೊಂಡರೆ ನಷ್ಟ. ಅಂಬಕ್ಕನ ಆಟದಲ್ಲಿ ಒಂದು ಕುರಿ ಕೊಟ್ಟರೆ ಒಂದು ಹುಲಿಯ ನಿದ್ದೆ ಸಿಗುತ್ತದೆ. ಯಾವ ಕುರಿಯನ್ನು, ಯಾವಾಗ, ಯಾವ ಹುಲಿಗೆ ಎಂಬುದರಲ್ಲೇ ಎಲ್ಲವೂ ಇದೆ. ನಾನು ಬಾಯಿ ಚಪ್ಪರಿಸಿಕೊಂಡು ತಿನ್ನುತ್ತಿದ್ದೆ, ತಿಂದ ಹುಲಿ ಮಲಗಿದ ಹೊತ್ತಿನಲ್ಲಿ ಆಕೆ ಬೇಲಿ ಕಟ್ಟಿ ಮುಗಿಸುತ್ತಿದ್ದರು. ಲೂಡೋ ಆಡುವಾಗ ನಾವು ನೋಡುವುದು ದಾಳವನ್ನು. ಆರು ಬಿತ್ತೇ, ಒಂದು ಬಿತ್ತೇ. ಇಲ್ಲಿ ನೋಡಬೇಕಾದದ್ದು ಎದುರಿಗಿರುವವರನ್ನು. ಯಾವ ಮೂಲೆಯತ್ತ ಕಣ್ಣು ಹೋಗಿ ಬಂತು, ಯಾವ ಗುಂಡಿಯನ್ನು ಬೇಕೆಂದೇ ನೋಡುತ್ತಿಲ್ಲ. ಇಡೀ ದಿನ ಕಿವಿಗೆ ಯಂತ್ರ ಹಾಕಿಕೊಂಡು ಅವರಿವರ ದನಿ ಕೂಡಿಸುವುದೇ ನನ್ನ ಉದ್ಯೋಗ. ಒಬ್ಬರ ಮುಖವನ್ನು ಮೂರು ತಾಸು ನೋಡಿದ್ದು ಅದೇ ಮೊದಲು.

ಆಮೇಲೆ ಆ ಊರಿನಲ್ಲಿ ಎಲ್ಲಿ ಹೋದರೂ ನನಗೆ ಗೆರೆಗಳೇ ಕಾಣತೊಡಗಿದವು. ಹೊಳೆಯ ಮೆಟ್ಟಿಲ ಮೇಲೆ, ಗುಡಿಯ ಜಗುಲಿಯಲ್ಲಿ, ನಮ್ಮ ಎಕ್ಸ್‌ಚೇಂಜಿನ ಹೊಸ್ತಿಲ ಬಂಡೆಯ ಮೇಲೆ ಕೂಡ. ಚೌಕದೊಳಗೆ ಚೌಕ, ಏಳೇಳು ಕುಳಿಗಳ ಎರಡು ಸಾಲು. ಮೂರು ತಿಂಗಳು ಅವುಗಳ ಮೇಲೆ ಚಪ್ಪಲಿ ಹಾಕಿಕೊಂಡೇ ಓಡಾಡಿದ್ದೆ. ಕೆಲವು ಕಡೆ ಇನ್ನೂ ಆಡುತ್ತಿದ್ದರು. ಬಳೆಗಾರರ ಓಣಿಯಲ್ಲಿ ಇಬ್ಬರು ಹೆಂಗಸರು ಹುಣಸೆಬೀಜ ಹಿಡಿದು ಅಳಗುಳಿಮಣೆಗೆ ಕೂತರೆ ಬೀಜ ಬೀಳುವ ಟಕಟಕ ಸದ್ದೊಂದೇ ಓಣಿಯ ತುಂಬ ಕೇಳುತ್ತಿತ್ತು.

ಒಂದು ದಿನ ನನ್ನ ಎರಡು ಹುಲಿಗಳು ಆಗಲೇ ಸಿಕ್ಕಿಬಿದ್ದಿದ್ದವು. ಆದರೆ ಅಂಬಕ್ಕ ಹೊಸ ಕುರಿ ಇಡುತ್ತಲೇ ಇದ್ದರು. ಎಣಿಸಿ ನೋಡಿದೆ, ನಾನು ತಿಂದವು, ಕಲ್ಲಿನ ಮೇಲಿರುವವು ಎಲ್ಲ ಸೇರಿ ಹದಿನೇಳು. ನಾನು ಡಬ್ಬಿ ತಂದು ಗುಂಡಿ ಎಣಿಸುವಾಗಲೇ ಆಕೆ ಅದರಿಂದ ಇನ್ನೆರಡನ್ನು ಎತ್ತಿ ಸೆರಗಿನಲ್ಲಿ ಇಟ್ಟುಕೊಂಡಿದ್ದರು. ನಾನು ಕಣ್ಣರಳಿಸಿದಾಗ ಆಕೆಯ ಮುಖದ ಎಡಭಾಗ ಮೆಲ್ಲಗೆ ಮೇಲೆದ್ದಿತು. ನಕ್ಕಿದ್ದರು. ಏನೂ ತಿಳಿಯದವರು ಮೋಸ ಮಾಡುವುದಿಲ್ಲ. ಎರಡು ವರ್ಷದಿಂದ ಆ ಕುರ್ಚಿಯಲ್ಲಿ ಪೂರ್ತಿ ಬುದ್ಧಿ ಇದ್ದ ಹೆಂಗಸೊಬ್ಬಳು ಕೂತಿದ್ದಳು, ಎಲ್ಲವನ್ನೂ ಕೇಳುತ್ತ.

ಸಂಜೆ ವಿಠೋಬಣ್ಣನಿಗೆ ಹೇಳಿದೆ. ಅವರು ಯಂತ್ರ ನಿಲ್ಲಿಸಲಿಲ್ಲ. ಅದೆಲ್ಲ ಕೈಗೆ ಉಳಿದ ರೂಢಿ, ತಾನೂ ಕಣ್ಣು ಮುಚ್ಚಿಕೊಂಡು ಕಾಜಾ ಹೊಲಿಯಬಲ್ಲೆ, ಅದಕ್ಕೆ ಬುದ್ಧಿ ಬೇಕಿಲ್ಲ ಎಂದರು. ಮತ್ತೆ, ಇಷ್ಟರಲ್ಲೇ ಆಕೆಯ ತಂಗಿ ತುಂಗಾಬಾಯಿ ಬರುತ್ತಾಳೆ, ಆಕೆಯನ್ನು ತನ್ನೂರಿಗೆ ಕರೆದೊಯ್ಯುತ್ತಾಳೆ, ಎಲ್ಲ ಗೊತ್ತುಮಾಡಿಯಾಗಿದೆ ಎಂದರು. ನನಗೂ ವಯಸ್ಸಾಯಿತು, ಎತ್ತಿ ಇಳಿಸಲು ಆಗುವುದಿಲ್ಲ ಎಂದರು. ಅಂಬಕ್ಕ ಎರಡು ಮಾರು ಆಚೆ ಕೂತಿದ್ದರು. ಆಕೆಯನ್ನು ಕೇಳಿದಿರಾ ಎಂದೆ. ಅವರು ಮೊದಲ ಸಲ ನನ್ನ ಮೇಲೆ ಸಿಟ್ಟಾದರು. ಕೇಳುವುದು ಯಾರನ್ನು ಎಂದರು.

ತುಂಗಾಬಾಯಿ ನಾಲ್ಕು ಗಂಟೆಯ ಬಸ್ಸಿಗೆ ಬರುವ ದಿನ ಮಧ್ಯಾಹ್ನ ನಾವಿಬ್ಬರೂ ಎಂದಿನಂತೆ ಕಲ್ಲಿನ ಬಳಿ ಇದ್ದೆವು. ವಿಠೋಬಣ್ಣ ಯಾರದೋ ಮದುವೆಯ ಕೋಟು ಮುಗಿಸುತ್ತಿದ್ದರು. ಅದಕ್ಕೆ ಬೇಕಾದ ಕರಿ ಗುಂಡಿಗಳು ಡಬ್ಬಿಯಲ್ಲಿ ಕಾಣದೆ ಹುಡುಕುತ್ತ ಹಿತ್ತಿಲಿಗೆ ಬಂದರು, ಹುಲಿಗಳನ್ನು ನೋಡಿದರು, ತೆಗೆದುಕೊಳ್ಳಲು ಕೈ ಚಾಚಿದರು. ಅಂಬಕ್ಕ ಎಡಗೈಯಿಂದ ಆ ಕೈಗೆ ಪಟ್ಟನೆ ಹೊಡೆದರು. ಅವರು ಬೆಚ್ಚಿ ನನ್ನ ಕಡೆ ನೋಡಿದರು. ನಾನು ಎದ್ದು ನನ್ನ ಜಾಗ ಬಿಟ್ಟುಕೊಟ್ಟೆ. ಬಾಯಿದ್ದಿದ್ದರೆ ಅವರು ಹತ್ತು ಮಾತಾಡಿ ಒಳಗೆ ಹೋಗಿಬಿಡುತ್ತಿದ್ದರು. ಬಾಯಿರಲಿಲ್ಲ. ಕುಕ್ಕರಗಾಲಿನಲ್ಲಿ ಕೂತರು.

ಅಂಬಕ್ಕ ಆಟದ ಮನೆಯನ್ನು ಬರಿದು ಮಾಡಿ ಮೂರು ಹುಲಿಗಳನ್ನೂ ಗಂಡನಿಗೆ ಕೊಟ್ಟರು. ವಿಠೋಬಣ್ಣನಿಗೆ ಸಾಮಾನ್ಯ ಹುಲಿ ಕುರಿ ಆಟ ಗೊತ್ತಿತ್ತು. ಬೇಗ ಮುಗಿಸುವ ಅವಸರದಲ್ಲಿ ಒಂದು ಕುರಿ ತಿಂದರು, ಅದೇ ಹುಲಿಯನ್ನು ಮತ್ತೆ ನಡೆಸಲು ಹೋದರು. ಆಕೆ ಅಂಗೈ ಮುಚ್ಚಿದರು. ಅವರು ನನ್ನತ್ತ ತಿರುಗಿ, ನೋಡಿದಿರಾ, ನಾ ಹೇಳಲಿಲ್ಲವೇ ಎಂಬಂತೆ ಹುಬ್ಬು ಏರಿಸಿದರು. ಎರಡನೆಯ ಕುರಿ ತಿಂದಾಗಲೂ ಅಂಗೈ ಬಂತು. ಮೂರನೆಯದಕ್ಕೂ. ನಾಲ್ಕನೆಯ ಸಲ ಅವರ ಕೈ ಗಾಳಿಯಲ್ಲೇ ನಿಂತಿತು. ಆ ಅಂಗೈಯನ್ನೂ ಹೆಂಡತಿಯ ಮುಖವನ್ನೂ ನೋಡಿದರು. ತಾವಾಗಿಯೇ ಆ ಹುಲಿಯನ್ನು ಬಿಟ್ಟು ಬೇರೆಯದನ್ನು ಮುಟ್ಟಿದರು. ಆಕೆ ಕೈ ತೆಗೆದರು.

ಅಲ್ಲಿಂದ ಮುಂದೆ ಅವರ ಕೂರುವ ರೀತಿಯೇ ಬೇರೆಯಾಯಿತು. ಕುಕ್ಕರಗಾಲು ಬಿಟ್ಟು ನೆಲಕ್ಕೆ ಕೂತರು. ಕೋಟು ಒಳಗೆ ಯಂತ್ರದ ಸೂಜಿಯ ಕೆಳಗೇ ಉಳಿಯಿತು. ಅಂಬಕ್ಕ ಒಂದು ಕುರಿಯನ್ನು ಅಂಚಿನಲ್ಲಿ ತೀರ ಸುಲಭವಾಗಿ ಇಟ್ಟರು. ಅವರು ಬಹಳ ಹೊತ್ತು ತಿನ್ನದೆ ಯೋಚಿಸಿದರು, ಕಡೆಗೆ ತಿಂದರು. ಆ ಹುಲಿ ಮಲಗಿತು, ಏಳುವಷ್ಟರಲ್ಲಿ ಅದರ ದಾರಿ ಮುಚ್ಚಿತ್ತು. ಹೀಗೆ ಒಂದೊಂದಾಗಿ ಮೂರೂ. ಕೊನೆಯ ಕುರಿ ಇಟ್ಟು ಆಕೆ ಕಲ್ಲನ್ನು ಬೆರಳಿನಿಂದ ಎರಡು ಸಲ ತಟ್ಟಿದರು. ಮುಗಿಯಿತು ಎಂದು ಅರ್ಥ.

ವಿಠೋಬಣ್ಣ ಏನೋ ಹೇಳಲು ಬಾಯಿ ತೆರೆದರು. ಬರೀ ಉಸಿರು ಬಂತು. ಎರಡು ವರ್ಷ ಆ ಪಡಸಾಲೆಯಲ್ಲಿ ತಾವು ಯಾರ್‍ಯಾರಿಗೆ ಏನೇನು ಹೇಳಿದ್ದೆವು ಎಂಬುದೆಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋಗುವುದನ್ನು ನಾನು ಕಂಡೆ. ನೋಡಬಾರದೆನಿಸಿ ನಲ್ಲಿಯ ಕಡೆ ತಿರುಗಿ ಸುಮ್ಮನೆ ಕೈ ತೊಳೆದೆ.

ಮೂರಾಯಿತು. ಓಣಿಯಲ್ಲಿ ಹೂವಿನವಳ ಕೂಗು ಎದ್ದಿತು, ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿ ಯಾರನ್ನೋ ಕರೆದರು. ವಿಠೋಬಣ್ಣ ಮಾತಾಡಲಿಲ್ಲ. ನೆಲ ನೋಡುತ್ತ ಕೂತೇ ಇದ್ದರು. ಹತ್ತು ನಿಮಿಷವಾದರೂ ಆಗಿರಬೇಕು, ಆಮೇಲೆ ತೀರ ಸಣ್ಣ ದನಿಯಲ್ಲಿ ಕೇಳಿದರು.

“ಅಂಬೂ, ನಾ ಅಂದದ್ದೆಲ್ಲಾ ನಿನಗ ತಿಳೀತಿತ್ತೇನು?”

ಉತ್ತರವೂ ಅವರ ತುಟಿಯ ತನಕ ಬಂದಿತ್ತು. ತುಟಿ ಕಚ್ಚಿ ತಡೆದರು. ಅಂಬಕ್ಕನ ತಲೆ ಅಲ್ಲಾಡಲು ಶುರುವಾಗುವುದಕ್ಕೇ ಹೊತ್ತು ಹಿಡಿಯುತ್ತಿತ್ತು. ಅದು ಮೊದಲು ಒಂದು ಕಡೆ ವಾಲಿತು, ನಡುಗಿತು, ಮತ್ತೆ ನಿಧಾನವಾಗಿ ಕೆಳಗೆ ಹೋಗಿ ಮೇಲೆ ಬಂತು. ಎರಡು ವರ್ಷದಲ್ಲಿ ಅಷ್ಟು ಹೊತ್ತು ಯಾರೂ ಕಾದಿರಲಿಲ್ಲ.

ನಾನು ಡ್ಯೂಟಿಗೆ ಹೋಗಬೇಕಿತ್ತು. ಒಂದು ತಾಸು ತಡವಾಗುತ್ತದೆಂದು ಹೇಳಿಕಳಿಸಿ ಉಳಿದುಕೊಂಡೆ. ತುಂಗಾಬಾಯಿ ಬಂದರು, ದಪ್ಪಗಿನ, ಚುರುಕು ಕಣ್ಣಿನ ಹೆಂಗಸು. ಚೀಲ ಇಳಿಸುವ ಮೊದಲೇ ಒದ್ದೆ ಕಲ್ಲನ್ನೂ ಗುಂಡಿಗಳನ್ನೂ ನೋಡಿ ನಿಂತುಬಿಟ್ಟರು. ಮೊದಲು ಇದು ತಮ್ಮ ತವರುಮನೆಯೇ ಆಗಿತ್ತು, ಆ ಗೆರೆಗಳನ್ನು ತಮ್ಮ ತಾಯಿ ಮೊಳೆಯಿಂದ ಕೊರೆದದ್ದು, ಓಣಿಯ ಹೆಂಗಸರೆಲ್ಲ ಆಕೆಯ ಮುಂದೆ ಸೋತು ಹೋಗುತ್ತಿದ್ದರು, ಸೋತರೆ ಅಳುತ್ತಿದ್ದುದರಿಂದ ತಮ್ಮನ್ನು ಮಾತ್ರ ಆಟಕ್ಕೆ ಸೇರಿಸುತ್ತಿರಲಿಲ್ಲ ಎಂದರು. ಹುಲಿ ಮಲಗುವ ಆಟ ಬಲ್ಲವರು ಈಗ ಅಕ್ಕನೊಬ್ಬಳೇ ಇರಬೇಕು ಎಂದರು. ನನಗೂ ಬರುತ್ತದೆ ಎಂದು ಹೇಳಿಕೊಳ್ಳಲು ಆಸೆಯಾಯಿತು, ಹೇಳಲಿಲ್ಲ.

ವಿಠೋಬಣ್ಣ ಎದ್ದು ನಿಂತು, “ತುಂಗಾ, ಆಕಿ ಎಲ್ಲೂ ಬರಂಗಿಲ್ಲ. ಇಲ್ಲೇ ಇರ್ತಾಳ,” ಎಂದರು.

ಅಂಬಕ್ಕ ಕುರ್ಚಿಯ ತೋಳನ್ನು ಎರಡು ಸಲ ತಟ್ಟಿದರು. ತುಂಗಾಬಾಯಿ ಅಕ್ಕನನ್ನು ನೋಡಿದರು, ಭಾವನನ್ನು ನೋಡಿದರು. “ಆಕಿನ್ನ ಕೇಳೋಣಲ್ಲ ಮಾಮಾ,” ಎಂದರು.

ಕೇಳಿದರು. ಅಂಬಕ್ಕ ಎಡಗೈ ಎತ್ತಿದರು, ಅದು ತಂಗಿಯ ಕಡೆ ಹೋಯಿತು, ತಂಗಿಯ ಸೆರಗು ಹಿಡಿದುಕೊಂಡಿತು. ನಾನು ಅಂಥದ್ದನ್ನು ಎಣಿಸಿರಲಿಲ್ಲ. ಆಟದಿಂದ ಎಲ್ಲ ಸರಿಯಾಯಿತು, ಇನ್ನು ಆಕೆ ಇಲ್ಲೇ ಇರುತ್ತಾರೆ ಎಂದು ನಾನೂ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ವಿಠೋಬಣ್ಣ ಮತ್ತೊಮ್ಮೆ ಕೇಳಿದರು. ಕೈ ಸೆರಗು ಬಿಡಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಅಕ್ಕತಂಗಿಯರು ಹೊರಟುಹೋದರು.

ಆಮೇಲಿನ ದಿನಗಳಲ್ಲಿ ವಿಠೋಬಣ್ಣ ಗಿರಾಕಿಗಳ ಜೊತೆ ಅಳತೆಯಷ್ಟೇ ಮಾತಾಡಿದರು. ಕಟ್ಟುಹೊತ್ತಿನಲ್ಲಿ ನಾನು ಮನೆಗೆ ಬಂದರೆ ಕಲ್ಲಿನ ಮುಂದೆ ಕೂತಿರುತ್ತಿದ್ದರು. ನಾವಿಬ್ಬರೂ ಆಡಿದೆವು. ಮೊದಲು ಅವರ ಹುಲಿಗಳು ಸಿಕ್ಕಿದ್ದನ್ನೆಲ್ಲ ತಿಂದು ಸೋಲುತ್ತಿದ್ದವು. ಕ್ರಮೇಣ ಎದುರಿಗಿದ್ದ ಕುರಿಯನ್ನು ತಿನ್ನದೆ ಬಿಟ್ಟು ಕಾಯುವುದನ್ನು ಕಲಿತರು. ಒಂದು ದಿನ ಬಿಟ್ಟೂ ಬಿಟ್ಟೂ ನನ್ನನ್ನೇ ಸೋಲಿಸಿದರು, ಆದರೆ ಸಂತೋಷವೇನೂ ಕಾಣಲಿಲ್ಲ. ಆಕೆ ಏನು ನೆನೆಸಿಕೊಂಡು ಹೋದಳು ಎಂದು ಒಮ್ಮೆ ಸಂಜೆ ನನ್ನನ್ನು ಕೇಳಿದರು. ನನಗೆ ತಿಳಿಯದು ಎಂದೆ. ಅದು ನಿಜವಾಗಿತ್ತು.

ಹದಿನೈದು ದಿನ ಕಳೆದ ಮೇಲೆ ಒಂದು ದಪ್ಪ ಖಾಕಿ ಬಟ್ಟೆಯ ಮೇಲೆ ಕೆಂಪು ದಾರದಿಂದ ಆಟದ ಮನೆಯನ್ನು ಹೊಲಿದರು. ಗೆರೆಗಳು ಕೂಡುವ ಒಂದೊಂದು ಕಡೆಯೂ ಗಂಟು ಹಾಕಿದರು, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯಲಿ ಎಂದು. ಹದಿನೆಂಟು ಗುಂಡಿ ಕಟ್ಟಿಕೊಂಡು, ಅಂಗಡಿಗೆ ಬೀಗ ಹಾಕಿ, ತುಂಗಾಬಾಯಿಯ ಊರಿಗೆ ಹೊರಟರು. ಅಲ್ಲಿ ಕಟ್ಟುಹೊತ್ತು ಇಲ್ಲ.

ಐದನೆಯ ದಿನ ಹನ್ನೊಂದೂಮುಕ್ಕಾಲಿಗೆ ನನ್ನ ಬೋರ್ಡಿನಲ್ಲಿ ಟ್ರಂಕ್ ಕಾಲ್ ಬಂತು. ತುಂಗಾಬಾಯಿ ಯಾರನ್ನೂ ಕೂಡಿಸಲು ಹೇಳಲಿಲ್ಲ, ನನ್ನನ್ನೇ ಕೇಳಿದರು.

“ಇಂದವ್ವಾ, ಮಾಮಾ ಬಂದು ನಾಕು ದಿನಾ ಕಟ್ಟಿ ಮ್ಯಾಲ ಆಕಿ ಮುಂದ ಕೂತ. ತುಟಿ ಪಿಟಕ್ ಅನ್ನಲಿಲ್ಲ. ನಮ್ಮ ಓಣಿ ಮಂದಿ, ಪಾಪ ಗಂಡಗೂ ಮಾತು ಹೋಗೈತಿ ಅಂತ ತಿಳದಾರ.”

ಮೊದಲ ದಿನ ಅಕ್ಕ ಆ ಬಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲವಂತೆ. ಎರಡನೆಯ ದಿನ ಬೆರಳಿನಿಂದ ಗಂಟುಗಳನ್ನು ಮುಟ್ಟಿ ನೋಡಿದಳಂತೆ. ಮೂರನೆಯ ದಿನ ಹಗಲೆಲ್ಲ ಆಡಿ ಅವರನ್ನು ಸೋಲಿಸಿದಳಂತೆ. ನಿನ್ನೆ ಹುಲಿಗಳನ್ನು ತಾನಿಟ್ಟುಕೊಂಡು ಕುರಿಗಳನ್ನು ಅವರ ಕಡೆ ತಳ್ಳಿದಳಂತೆ. ಇವತ್ತು ನಸುಕಿನಲ್ಲೇ ಎದ್ದು ಬಾಗಿಲಿನ ತನಕ ತಾನೇ ಗೋಡೆ ಹಿಡಿದು ಬಲಗಾಲು ಎಳೆಯುತ್ತ ಬಂದು ನಿಂತಿದ್ದಳಂತೆ.

“ನೀವು ಕೇಳಿದಿರಾ ಆಕೆಯನ್ನ?” ಎಂದೆ.

“ನಾನೂ ಕೇಳಿದೆ, ಅವನೂ ಕೇಳಿದ. ಆಕಿ ಹೇಳೂತನಾ ಇಬ್ಬರೂ ಕಾದ್ವಿ. ಹತ್ತರ ಬಸ್ಸಿಗೆ ತಡಾ ಆಗತೈತಿ ಅಂತ ಕಂಡಕ್ಟರ್ ಬೈದ, ಬೈಲಿ ಬಿಡು ಅಂದೆ.”

ಹನ್ನೆರಡಕ್ಕೆ ಐದು ನಿಮಿಷವಿತ್ತು. ಲೈನುಗಳನ್ನು ಬಿಡಿಸಿ ಬಸ್ ನಿಲ್ದಾಣಕ್ಕೆ ನಡೆದೆ. ಬಸ್ಸು ಹನ್ನೆರಡೂವರೆಗೆ ಬಂತು. ಮೊದಲು ವಿಠೋಬಣ್ಣ ಇಳಿದರು. ಇಳಿದು ಬಾಗಿಲಿಗೆ ಮುಖ ಮಾಡಿ ನಿಂತು ಒಂದು ಕೈ ಮುಂದೆ ಚಾಚಿದರು. ಅಂಬಕ್ಕ ಮೇಲಿನ ಮೆಟ್ಟಿಲಲ್ಲಿ ಎಡಗೈಯಿಂದ ಕಂಬಿ ಹಿಡಿದು ನಿಂತಿದ್ದರು. ಅವರ ಹಿಂದೆ ಇಳಿಯುವವರು ಗಂಟುಮೂಟೆ ಹೊತ್ತು ಸಾಲಾಗಿ ನಿಂತಿದ್ದರು, ಕೆಳಗೆ ಹತ್ತುವವರು ಕಾಯುತ್ತಿದ್ದರು. ಯಾರ ಬಾಯಲ್ಲೂ ದನಿಯಿಲ್ಲ. ಆಕೆ ಕೆಳಗಿನ ಮೆಟ್ಟಿಲನ್ನು ನೋಡಿದರು, ಚಾಚಿದ ಕೈಯನ್ನು ನೋಡಿದರು, ಮತ್ತೆ ಮೆಟ್ಟಿಲನ್ನು ನೋಡಿದರು. ಯಾವ ಕಾಲು ಮೊದಲು ಎಂದು ಯೋಚಿಸುತ್ತಿದ್ದರು. ವಿಠೋಬಣ್ಣ ಆಕೆಯನ್ನು ಹಿಡಿಯಲಿಲ್ಲ, ಎತ್ತಲಿಲ್ಲ, ಹೀಗೆ ಇಡು ಎಂದು ತೋರಿಸಲೂ ಇಲ್ಲ. ಬಿಸಿಲಿನಲ್ಲಿ ಕೈ ಚಾಚಿಕೊಂಡು, ಆಕೆಯ ಸರದಿ ಮುಗಿಯುವ ತನಕ ನಿಂತಿದ್ದರು.